ಪಕ್ಕದ ಮನೆಯ ಚಿಮಣಿ

ಜನವರಿಯ ಚಳಿಯಲ್ಲಿ ಗಣಿ ಊರಾದ ತುಜ್ಲಾಕ್ಕೆ ಹನ್ನೊಂದು ದಿನದಿಂದ ಸೂರ್ಯ ಕಂಡಿರಲಿಲ್ಲ. ಚಳಿಗೆ ಮನೆಮನೆಯಲ್ಲೂ ಉರಿಸುವ ಕಲ್ಲಿದ್ದಲಿನ ಹೊಗೆ ಗುಡ್ಡಗಳ ನಡುವೆ ಕೂತದ್ದು ಕೂತೇ ಇತ್ತು. ಅಷ್ಟೂ ದಿನ ವೆಹಿದ್ ಮಂಚದ ಮೇಲೆ ಮೈ ಚಾಚಿರಲಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು. ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚುವನು, ಮತ್ತೆ ಏಳುವನು, ಮೂಗಿನ ಆಕ್ಸಿಜನ್ ನಳಿಕೆ ಎಳೆದುಕೊಂಡೇ ಕಿಟಕಿಯವರೆಗೆ ಹೋಗಿ ಬರುವನು. ಇಪ್ಪತ್ತೇಳು ವರ್ಷ ಕಲ್ಲಿದ್ದಲು ಗಣಿಯಲ್ಲಿ ದುಡಿದು ಸವೆದ ಶ್ವಾಸಕೋಶ ಅವನದು.

ಹೊಗೆಯೆಲ್ಲ ಎದುರುಮನೆ ಫೆಹಿಮನದೇ ಎಂದು ಅವನ ನಂಬಿಕೆ. ಹನ್ನೊಂದನೆಯ ದಿನ ಬೆಳಿಗ್ಗೆ ನಳಿಕೆ ಕಿತ್ತಿಟ್ಟು ಹೊರಬಂದು, ಬೇಲಿಯ ಹತ್ತಿರ ನಿಂತು ಬೈದೂಬಿಟ್ಟ. ಫೆಹಿಮ್ ಸಿಟ್ಟಾಗಲಿಲ್ಲ.

"ನಾನು ಒಲೆ ಹಚ್ಚದೆ ಮೂರು ದಿನ ಆಯ್ತು. ಬೇಕಾದ್ರೆ ಬಂದು ಮುಟ್ಟಿ ನೋಡು. ನೀನು ಆ ಕಡೆ ಒಂದ್ಸಲ ತಿರುಗಿ ನೋಡಪ್ಪ."

ವೆಹಿದ್ ತಿರುಗಿದ. ಪಕ್ಕದ ಮನೆ ಅವನ ಅಕ್ಕ ಮೇಯ್ರಾಳದು. ಅವಳ ಚಿಮಣಿಯಿಂದ ಹೊರಟ ಹಳದಿ ಹೊಗೆ ಮೇಲೇರಲಾರದೆ ಹೆಂಚಿನ ಮೇಲೇ ಜಾರಿ, ನೇರ ಅವನ ಅಡುಗೆಮನೆಯ ಕಿಟಕಿಗೆ ಬಂದು ತಾಗುತ್ತಿತ್ತು. ನಿವೃತ್ತ ಗಣಿಗಾರನೆಂದು ವರ್ಷಕ್ಕೊಮ್ಮೆ ತನಗೆ ಸಿಗುವ ಕಲ್ಲಿದ್ದಲನ್ನು, ಡಾಕ್ಟರು ಒಲೆ ಬೇಡವೆಂದ ಮೇಲೆ, ಅವನೇ ಅವಳಿಗೆ ಕೊಡುತ್ತ ಬಂದಿದ್ದ. ವಿಧವೆ ಅಕ್ಕ ಬೆಚ್ಚಗಿರಲಿ ಎಂದು.

ನಳಿಕೆಯಿಲ್ಲದೆಯೇ ಅವಳ ಮನೆಗೆ ಹೊರಟ. ಅಷ್ಟೇ ದೂರಕ್ಕೆ ಉಸಿರಿಗಾಗಿ ಎರಡು ಸಲ ನಿಲ್ಲಬೇಕಾಯಿತು.

"ಅಕ್ಕಾ, ನಿನ್ನ ಒಲೆ ಹೊಗೆ ನನ್ನ ಉಸಿರು ಕಟ್ಟಿಸ್ತಾ ಇದೆ."

"ಕೊಟ್ಟವನು ನೀನೇ ಕಣೋ," ಎಂದಳು ಮೇಯ್ರಾ. "ನಾನೇನು ಚಳೀಲಿ ಸೆಟೆದು ಸಾಯ್ಲಾ?"

ಉತ್ತರ ಕೊಡಲು ಬಾಯಿ ತೆರೆದವನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ತುಟಿ ನೀಲಿಗಟ್ಟಿತು. ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಜೇಬಿನ ಇನ್ಹೇಲರ್ ಹುಡುಕಿ ಬಾಯಿಗಿಟ್ಟು, ಬೆನ್ನು ಸವರುತ್ತ ನಿಂತಳು. ಅಂಗೈ ಕೆಳಗೆ ಅವನ ಎದೆ ತೂತುಬಿದ್ದ ತಿದಿಯಂತೆ ಸೀಟಿ ಹಾಕುವುದು ಅವಳಿಗೆ ತಿಳಿಯಿತು. ಅಷ್ಟು ಹತ್ತಿರದಿಂದ ಅವಳು ಅದನ್ನು ಕೇಳಿದ್ದು ಅದೇ ಮೊದಲು.

ಉಸಿರು ಬಂದ ಮೇಲೆ ಅವನೆಂದ: "ಹಾಸಿಗೆ ತಗೊಂಡು ನಮ್ಮನೆಗೆ ಬಂದ್ಬಿಡು. ಅಲ್ಲಿ ಕರೆಂಟಿನ ಹೀಟರ್ ಇದೆ."

"ನಿನ್ನ ಜೊತೇನಾ? ಒಂದು ವಾರದಲ್ಲಿ ಇಬ್ರಲ್ಲಿ ಒಬ್ರು ಉಳಿಯಲ್ಲ."

ಹೇಳುತ್ತಲೇ ಅವಳು ಕಬ್ಬಿಣದ ಸಲಿಕೆ ತೆಗೆದು ಒಲೆಯ ಕೆಂಡಗಳನ್ನು ಬಕೆಟ್ಟಿಗೆ ಎಳೆದು ಮೇಲೆ ಬೂದಿ ಸುರಿದಳು.

ಮಧ್ಯಾಹ್ನದೊಳಗೆ ಅವಳ ಹಾಸಿಗೆ, ಕಾಫಿ ಪಾತ್ರೆ, ರೇಡಿಯೊ ಎಲ್ಲ ಅವನ ಮನೆಗೆ ಬಂದವು. ರೇಡಿಯೊಗಾಗಿ ದಿನವೂ ಜಗಳ. ಊರ ಹೊಗೆ ಹಾಗೇ ಇತ್ತು, ಕಿಟಕಿಯ ಹೊಗೆ ಮಾತ್ರ ತೆಳುವಾಯಿತು. ನಾಲ್ಕನೆಯ ದಿನ ವೆಹಿದ್ ಮೂರು ದಿಂಬಿಗೆ ಒರಗಿಕೊಂಡು ಎರಡು ಗಂಟೆ ಮಲಗಿದ. ಆಮೇಲೆ ಕೂತಲ್ಲಿ ಕೂರಲಾಗದ ಸರದಿ ಮೇಯ್ರಾಳದಾಯಿತು. ಅವನು ಕೆಮ್ಮಿದಾಗಲೆಲ್ಲ ತಲೆಗೆ ವಸ್ತ್ರ ಕಟ್ಟಿಕೊಂಡು ಬೀದಿಗಿಳಿಯುವಳು, ಯಾರ ಚಿಮಣಿ ಹೊಗೆಯುಗುಳುತ್ತಿದೆ ಎಂದು ನೋಡಿ, ಅವರ ಬಾಗಿಲು ತಟ್ಟುವಳು.