ಬ್ರೇಕಿಲ್ಲದ ಬೈಕು

ನನ್ನ ಗಂಡ ವರ್ನ್ ಟಾಲಿವರ್ ಓಡಿಸುತ್ತಿದ್ದ ಬೈಕಿಗೆ ಬ್ರೇಕ್ ಇರಲಿಲ್ಲ. ಸ್ಪೀಡ್‌ವೇ ಎಂಬ ರೇಸಿನ ಬೈಕುಗಳಿಗೆ ಇರುವುದೇ ಇಲ್ಲ. ಒಂದೇ ಗೇರು, ಮಣ್ಣಿನ ಪುಟ್ಟ ಟ್ರ್ಯಾಕು, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೆ. ಹಿಂದಿನ ಚಕ್ರ ಜಾರಿಸುತ್ತಲೇ ದಾಟಬೇಕು. ಶುಕ್ರವಾರ ಸಂಜೆಯಾದರೆ ನಮ್ಮ ಆರೆಂಜ್ ಕೌಂಟಿಯ ಜನ ಬಿಯರ್ ಹಿಡಿದು ಬೇಲಿಗೆ ಆತುಕೊಂಡು ನಿಲ್ಲುತ್ತಿದ್ದರು. ಮುಂದೆ ನಿಂತವರ ಬಾಯಿಗೂ ಮಣ್ಣು.

ಬೈಕು ಕಟ್ಟುತ್ತಿದ್ದವರು ಮಾವ ಆರಿನ್. ಅವರೂ ರೇಸಿಗೆ ಇಳಿದವರೇ. ಕಾಲು ಮುರಿದು ಕುಂಟಾದ ಮೇಲೆ ಮಗನ ಬೈಕೇ ಅವರ ಪ್ರಪಂಚವಾಯಿತು.

ಎಪ್ಪತ್ತೇಳರ ಬೇಸಿಗೆಯಲ್ಲಿ ವರ್ನ್‌ನ ಗೆಳೆಯ ಡೆಲ್ಬರ್ಟ್ ಟ್ರ್ಯಾಕಿನ ಸುತ್ತಲ ಹಲಗೆ ಗೋಡೆಗೆ ಬಡಿದು ಬೆನ್ನು ಮುರಿದುಕೊಂಡ. ರೇಸಿನಲ್ಲಿ ಅವನ ಹಿಂದೆಯೇ ಬರುತ್ತಿದ್ದವನು ವರ್ನ್. ಮನೆಗೆ ಬರುವಾಗ ಅವನು ಟ್ರಕ್ಕನ್ನು ರಸ್ತೆ ಬದಿಗೆ ನಿಲ್ಲಿಸಿದ.

“ಸಾಕು ಮಾರ್ಲಿಸ್,” ಅಂದ. “ಭಾನುವಾರ ಅಪ್ಪಂಗೆ ಹೇಳ್ಬಿಡ್ತೀನಿ.”

ಭಾನುವಾರ ನಾವು ತಿಂಡಿಗೆ ಕೂರುವ ಮೊದಲೇ ಮಾವ ಬಂದರು. ಹೊಸ ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನಂತೆ ಎತ್ತಿಕೊಂಡಿದ್ದರು.

“ಇದನ್ನ ಹಾಕಿದ್ರೆ ನೋಡು, ಉಳಿದೋರೆಲ್ಲ ನಿನ್ನ ಬೆನ್ನು ನೋಡ್ಕೊಂಡೇ ಬರ್ಬೇಕು.”

ವರ್ನ್ ತಟ್ಟೆ ನೋಡುತ್ತ ಪ್ಯಾನ್‌ಕೇಕ್ ತಿಂದು ಮುಗಿಸಿದ. ಮಾವ ಹೋದ ಮೇಲೆ ಹೇಳಿದ: “ಸೋಲ್ತಾ ಹೋಗ್ತೀನಿ. ಸೋಲೋನನ್ನ ಯಾರೂ ಕರೆಯಲ್ಲ. ರೇಸು ತಾನಾಗೇ ಬಿಟ್ಟುಹೋಗತ್ತೆ.”

ಆ ಶುಕ್ರವಾರ ಅವನು ಬೇಕೆಂದೇ ಕೊನೆಯಲ್ಲಿದ್ದ. ಮೂರನೇ ಸುತ್ತಿನ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ. ಹಾಗೆ ಬಿಟ್ಟರೆ ಆ ಬೈಕು ನಿಧಾನವಾಗುವುದಿಲ್ಲ, ಜಾರುವುದನ್ನು ಬಿಟ್ಟು ನೆಟ್ಟಗಾಗಿ ಸೀದಾ ಗೋಡೆಗೆ ನುಗ್ಗುತ್ತದೆ. ಡೆಲ್ಬರ್ಟ್ ಬಡಿದ ಅದೇ ಹಲಗೆ. ಜೀವಭಯದಲ್ಲಿ ವರ್ನ್ ಆಕ್ಸಿಲರೇಟರನ್ನು ಪೂರ್ತಿ ತಿರುಚಿದ. ಬೈಕು ಗೋಡೆಯ ಪಕ್ಕದಲ್ಲೇ ಜಾರುತ್ತ ಮುಂದಿದ್ದ ಮೂವರನ್ನೂ ಹೊರಗಿನಿಂದ ದಾಟಿಬಿಟ್ಟಿತು. ಅಂಥ ಗೆಲುವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಜನ ಟೋಪಿ ಎಸೆದರು. ನಾನು ಮಾತ್ರ ಕೂತಲ್ಲೇ ಕೂತಿದ್ದೆ.

ರೇಸ್ ನೋಡಲು ಬಂದಿದ್ದ ಇಂಗ್ಲೆಂಡಿನ ತಂಡದ ಮ್ಯಾನೇಜರ್ ಅಲ್ಲೇ ವರ್ನ್‌ನ ಕೈ ಕುಲುಕಿದ. “ಬರೋ ವಸಂತಕ್ಕೆ ನಮ್ಮ ತಂಡಕ್ಕೆ ಬಂದ್ಬಿಡಿ.” ಮಾವ ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡರು.

ಆತ ಹೋದ ಮೇಲೆ ವರ್ನ್ ಬಾಯಿಬಿಟ್ಟ. “ಅಪ್ಪ, ನಂಗೆ ಹೆದರಿಕೆ ಆಗತ್ತೆ. ಇನ್ನು ಬೇಡ.”

“ಹೆದರಿಕೆ ನಂಗೂ ಆಗ್ತಿತ್ತು ಕಣೋ.”

“ನಿನ್ ಥರ ಅಲ್ಲಪ್ಪ. ನಾನು ಬಿಡ್ತೀನಿ.”

“ಬಿಟ್ಬಿಡು ಹಾಗಾದ್ರೆ,” ಅಂದರು ಮಾವ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಮುಚ್ಚಳ ಹಾಕಿದ ಮೇಲೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ಗೊತ್ತಾಗಲಿಲ್ಲ.

ಮರುದಿನ ವರ್ನ್ ಇಂಗ್ಲೆಂಡಿಗೆ ಹೋಗುತ್ತೇನೆಂದ.

“ಅವ್ರೇ ಬಿಡು ಅಂದ್ರಲ್ಲ,” ಎಂದು ರೇಗಿದೆ.

“ಬಾಯಲ್ಲಿ ಅಂದ್ರು. ಒಂದೇ ಸೀಸನ್ ಮಾರ್ಲಿಸ್.”

ಒಂದು ಮೂರಾಯಿತು. ಸದಾ ಒದ್ದೆ ಇಂಗ್ಲೆಂಡು, ವಾರಕ್ಕೆ ನಾಲ್ಕೈದು ರೇಸು, ವ್ಯಾನಿನಲ್ಲೇ ನಿದ್ದೆ. ರೇಸಿಗೆ ಮುಂಚೆ ವಾಂತಿ ಮಾಡಿ, ಬಾಯಿ ತೊಳೆದು, ಹೋಗಿ ಗೆದ್ದು ಬರುತ್ತಿದ್ದ. ವಾರವಾರವೂ ಮಾವ ಫೋನಿನಲ್ಲಿ ಪ್ರತಿ ತಿರುವನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದರು. ಇವನೂ ನಗುನಗುತ್ತ ಹೇಳುತ್ತಿದ್ದ.

ಮೂರನೇ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ನಾನು ಮೆಲ್ಲಗೆ ಹೇಳಿದೆ: “ಈಗ ಬಿಡಬಹುದಲ್ವಾ?” ಸಾವಿನ ಮನೆಯಲ್ಲಿ ಆಡಬಾರದ ಮಾತು. ಆದರೂ ಆಡಿದೆ.

ಅವನು ಬಿಡಲು ಹೊರಟದ್ದೂ ನಿಜ. ಊರಿನ ಹಾರ್ಡ್‌ವೇರ್ ಅಂಗಡಿಗೆ ಕೆಲಸ ಕೇಳಲು ಹೋದ. ಅಂಗಡಿಯವನು ಮೊದಲು ಅವನ ಆಟೋಗ್ರಾಫ್ ತೆಗೆದುಕೊಂಡ, ಆಮೇಲೆ ತಮಾಷೆ ಅಂದುಕೊಂಡು ನಕ್ಕ.

“ಏನು ಬರತ್ತೆ ನಿಮ್ಗೆ ಅಂತ ಕೇಳ್ದ,” ವರ್ನ್ ಮನೆಗೆ ಬಂದು ಹೇಳಿದ. “ಎಡಕ್ಕೆ ತಿರುಗೋದು ಬರತ್ತೆ ಅಂದೆ.”

ನನಗೆ ನಗು ಬರಲಿಲ್ಲ. ಅವನು ಗ್ಯಾರೇಜಿಗೆ ಹೋಗಿ ಅಪ್ಪನ ಸ್ಟೂಲಿನ ಮೇಲೆ ಕೂತ. ಕತ್ತಲಾದರೂ ಬರದಿದ್ದಾಗ ನೋಡಲು ಹೋದೆ. ಎಂಜಿನ್ ಬಿಚ್ಚಿ ಹರಡಿಕೊಂಡಿದ್ದ.

“ಮಾರ್ಚಿಗೆ ಹೊರಡ್ಬೇಕು,” ಅಂದ, ತಲೆ ಎತ್ತದೆ.

“ಹೆದರಿಕೆ ಹೋಯ್ತಾ?”

“ಇಲ್ಲ. ಅದರ ಜೊತೆ ಸಂಸಾರ ಮಾಡೋದು ರೂಢಿ ಆಗೋಯ್ತು.”

ಬೆಂಚಿನ ಮೇಲೊಂದು ಸ್ಪ್ಯಾನರ್ ಇತ್ತು. ಕೈ ಚಾಚಿದ. ಎತ್ತಿಕೊಟ್ಟೆ.