ಮರದೊಳಗಿನ ಅಜ್ಜಿ

ಧನರಾಜ ಎತ್ತಿದ ಕೊಡಲಿಯನ್ನು ಹಾಗೇ ಕೆಳಗಿಳಿಸಿದ.

"ನನ್ನ ಕೈಯಲ್ಲಿ ಆಗುವುದಿಲ್ಲ," ಎಂದ. "ಕೊಡಲಿ ಮಾವನದ್ದು. ಹಿಡಿ ಇನ್ನೂ ಅವರ ಕೈಯ ಹಾಗೇ ಉಂಟು."

ಅಂಗಳದ ಮೂಲೆಯ ಮಾವಿನ ಮರದ ಸುತ್ತ ನಿಂತಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ಚಿತೆಗೆ ಹಸಿ ಮಾವಿನ ಮರ ಆಗಲೇಬೇಕು. ಬೆಳ್ಮಣ್ಣಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೇಳಿಕಳಿಸುತ್ತಿದ್ದದ್ದು ಧನರಾಜನ ಸೋದರಮಾವ ದೂಮಪ್ಪನಿಗೆ. ಅವನು ಬಂದು, ಮರ ನೋಡಿ, ಕಡಿದುಕೊಟ್ಟು, ಒಂದು ಚಾ ಕುಡಿದು ಹೋಗುತ್ತಿದ್ದ. ಈಗ ಅವನೇ ಚಾವಡಿಯಲ್ಲಿ ಬಾಳೆ ಎಲೆಯ ಮೇಲೆ ಮಲಗಿದ್ದಾನೆ. ನಿನ್ನೆ ವಿಠಲ ರಾಯರ ಹಿತ್ತಲಿನ ಒಣಗಿದ ಹಲಸಿನ ಮರ ಹತ್ತಿದವನು ಕೊಂಬೆಯ ಸಮೇತ ಕೆಳಗೆ ಬಿದ್ದಿದ್ದ. ಕಾರ್ಕಳದ ಆಸ್ಪತ್ರೆಯಿಂದ ದೇಹ ಬಂದದ್ದು ಇವತ್ತು ಬೆಳಿಗ್ಗೆ.

"ಬೇರೆ ಯಾರಾದರೂ ಬಿದ್ದಿದ್ದರೆ ನಂಬಬಹುದಿತ್ತು ಮಾರಾಯ," ಎಂದರು ಅಜೆಕಾರಿನಿಂದ ಬಂದಿದ್ದ ಮುದುಕರೊಬ್ಬರು. "ನಮ್ಮಲ್ಲಿಯ ಒಣಮರ ನೋಡಿ ಎಂತ ಹೇಳಿದ್ದ ಗೊತ್ತುಂಟಾ? 'ನಾನು ಹತ್ತುವುದಿಲ್ಲ. ನೀವು ಹತ್ತುವುದಾದರೆ ಹೆಂಡತಿಗೆ ಹೇಳಿ ಬನ್ನಿ' ಅಂತ."

ಯಾರೋ ನಕ್ಕರು. ನಕ್ಕವರಿಗೆ ತಮ್ಮ ನಗುವೇ ಕೇಳಿ ಗಾಬರಿಯಾಯಿತು.

ಹರ್ಷಿಣಿ ಚಾವಡಿಯ ಮೆಟ್ಟಿಲಲ್ಲಿ ಕೂತಿದ್ದಳು. ಕಾಪುವಿನ ಗಂಡನ ಮನೆಯಿಂದ ಓಡಿ ಬಂದವಳಿಗೆ ಅಪ್ಪ ಸತ್ತದ್ದಕ್ಕಿಂತ ಹೆಚ್ಚಾಗಿ ಅಪ್ಪ ಬಿದ್ದದ್ದು ಅರ್ಥವಾಗುತ್ತಿರಲಿಲ್ಲ. ಒಳಗೆ ಅಮ್ಮ ಕಮಲ ಇನ್ನೂ ಅತ್ತಿರಲಿಲ್ಲ. ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು.

"ಇವರು ಯಾಕೆ ಹತ್ತಿದರು? ಮರವನ್ನು ಕೇಳದೆ ಹತ್ತುವ ಜನವಾ ಇವರು?"

* * *

ಕೇಳುವುದೆಂದರೆ ನಿಜವಾಗಿಯೂ ಕೇಳುವುದೇ. ಸಣ್ಣವಳಿದ್ದಾಗ ಹರ್ಷಿಣಿ ಬುತ್ತಿ ಕೊಡಲು ಹೋದಾಗೆಲ್ಲ ಅದನ್ನು ನೋಡಿದ್ದಳು. ಅಪ್ಪ ಮೊದಲು ಒಣಮರದ ಬುಡಕ್ಕೆ ಸುತ್ತು ಬರುವನು. ಅಣಬೆ ಎದ್ದಿದೆಯೋ, ಗೆದ್ದಲು ದಾರಿ ಮಾಡಿದೆಯೋ, ಮೇಲೆ ಮರಕುಟಿಗ ಮನೆ ಕೊರೆದಿದೆಯೋ ಎಂದು ಕತ್ತೆತ್ತಿ ನೋಡುವನು. ಕೊನೆಗೆ ಕೊಡಲಿಯ ಬೆನ್ನಿನಿಂದ ಬಡಿದು, ಕಾಂಡಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚುವನು.

"ಯಾರಪ್ಪ ಒಳಗೆ?" ಎಂದು ಒಂದು ದಿನ ಅವಳು ಕೇಳಿದಳು.

"ಅಜ್ಜಿ."

"ಯಾವ ಅಜ್ಜಿ?"

"ಮರ ಗಟ್ಟಿ ಇದ್ದರೆ ಒಳಗೆ ಅಜ್ಜಿಗೆ ಕೂರುವುದಕ್ಕೆ ಜಾಗ ಇಲ್ಲ. ಬಡಿದರೆ ಮಾತಾಡುವವರೂ ಇಲ್ಲ. ಟೊಳ್ಳಾಯಿತಾ, ಅಜ್ಜಿ ಬಂದು ಕಾಲು ಚಾಚಿ ಕೂರುತ್ತಾಳೆ. ಬಡಿದ ಕೂಡಲೇ, 'ಬೇಡ ಮಗಾ, ಬೇಡ ಮಗಾ' ಅಂತಾಳೆ."

"ಹಸಿ ಮರಕ್ಕೆ ಕೇಳುವುದು ಬೇಡವಾ?"

"ಅದು ಬಗ್ಗಿ ಹೇಳ್ತದೆ. ಸತ್ತ ಮರ ಹೇಳದೆ ಮುರೀತದೆ."

ಆ ರಾತ್ರಿಯೆಲ್ಲ ಅವಳ ಕನಸಿನಲ್ಲಿ ಬಿಳಿ ತಲೆಯ ಅಜ್ಜಿಯೊಬ್ಬಳು ಕತ್ತಲ ಕೋಣೆಯಲ್ಲಿ ಎಲೆಅಡಿಕೆ ಕುಟ್ಟುತ್ತಾ, ಯಾರಾದರೂ ಬಾಗಿಲು ಬಡಿಯುವುದನ್ನೇ ಕಾಯುತ್ತಿದ್ದಳು.

* * *

ವಿಠಲ ರಾಯರು ಬಂದಾಗ ಅಂಗಳದವರು ದಾರಿ ಬಿಟ್ಟರು. ಅವರು ಚಪ್ಪಲಿ ಬಿಟ್ಟು, ದೂಮಪ್ಪನ ಕಾಲ ಬುಡದಲ್ಲಿ ಕೈಮುಗಿದು, ಅಲ್ಲೇ ಕುಸಿದು ಕೂತರು.

"ರಾಯರೇ," ಎಂದಳು ಕಮಲ. "ಇವರು ಯಾಕೆ ಹತ್ತಿದರು?"

"ದೇವರಾಣೆಗೂ ನಾನು ಒತ್ತಾಯ ಮಾಡಲಿಲ್ಲ ಕಮಲಕ್ಕ. ಮರ ಕೊಟ್ಟಿಗೆಯ ಮೇಲೆ ವಾಲಿತ್ತು. ದಾರಿ ಸಪೂರ, ಕ್ರೇನ್ ಬರುವುದಿಲ್ಲ. ನೋಡು ದೂಮಣ್ಣ, ಆಗದಿದ್ದರೆ ಬಿಡು ಅಂದೆ. ಸುತ್ತು ಬಂದು ನೋಡಿದರು. ಬಡಿದರು. ಕಿವಿ ಇಟ್ಟು ಎಷ್ಟೋ ಹೊತ್ತು ನಿಂತರು."

"ಮತ್ತೆ?"

"ನಾನು ಜಗಲಿಯಲ್ಲಿದ್ದೆ. ನನಗೆ ಅಲ್ಲಿಗೇ ಕೇಳಿತು. ಡೋಲು ಬಡಿದ ಹಾಗೆ, ಒಳಗೆ ಎಂತದೂ ಇಲ್ಲದ ಹಾಗೆ. 'ಎಂತ ದೂಮಣ್ಣ, ಪೊಳ್ಳು ಅಲ್ವಾ?' ಅಂತ ಕೂಗಿದೆ. ಅವರು ತಿರುಗಲೇ ಇಲ್ಲ. ಮರವನ್ನು ಒಮ್ಮೆ ಸವರಿ, 'ಗಟ್ಟಿ ಉಂಟು' ಅಂದರು. ಮರದ ವಿಷಯ ಅವರಿಗಿಂತ ನನಗೆ ಗೊತ್ತುಂಟಾ? ಸುಮ್ಮನಾದೆ."

ಹರ್ಷಿಣಿ ಮೆಟ್ಟಿಲಿನಿಂದ ಎದ್ದು ಚಾವಡಿಗೆ ಬಂದಳು. ಒಂದು ವರ್ಷದಿಂದ ಅವಳು ಫೋನ್ ಮಾಡಿದರೆ ಅಪ್ಪ "ಹಾಂ, ಹಾಂ" ಎಂದು, ಕೇಳಿದ್ದಕ್ಕೆ ಉತ್ತರ ಕೊಡದೆ, "ಅಮ್ಮನ ಹತ್ರ ಮಾತಾಡು" ಎಂದು ಬಿಡುತ್ತಿದ್ದ. ಮದುವೆಯಾದ ಮಗಳ ಮೇಲೆ ಪ್ರೀತಿ ಕಡಿಮೆಯಾಯಿತೆಂದು ಅವಳು ಕಾಪುವಿನ ಮನೆಯಲ್ಲಿ ಕೂತು ಅತ್ತದ್ದೂ ಉಂಟು.

"ಅಮ್ಮಾ," ಎಂದಳು. "ಅಪ್ಪನಿಗೆ ಕೇಳುತ್ತಿರಲಿಲ್ಲ."

ಕಮಲ ಮಗಳನ್ನು ನೋಡಲಿಲ್ಲ. ಗಂಡನ ಕಿವಿಯನ್ನು ನೋಡಿದಳು. ಕಿವಿಯ ಸಂದಿನಲ್ಲಿ ಹಲಸಿನ ಒಣ ಪುಡಿ ಇನ್ನೂ ಅಂಟಿಕೊಂಡಿತ್ತು.

"ಊಟಕ್ಕೆ ಕರೆದರೆ ಬರುತ್ತಿರಲಿಲ್ಲ," ಎಂದಳು ನಿಧಾನವಾಗಿ. "ಬೆನ್ನು ಹಾಕಿ ಕೂತೇ ಇರುತ್ತಿದ್ದರು. ನನ್ನ ಮೇಲೆ ಎಂತದೋ ಸಿಟ್ಟು ಅಂತ ತಿಳ್ಕೊಂಡೆ. ನನಗೂ ಸಿಟ್ಟು ಬಂತು. ಕರೆಯುವುದನ್ನೇ ಬಿಟ್ಟೆ. ಬಟ್ಟಲು ಮುಚ್ಚಿಟ್ಟು ಮಲಗುತ್ತಿದ್ದೆ."

"ಮಾವನಿಗೇ ಗೊತ್ತಿತ್ತಾ ಇಲ್ವಾ ಮಾಮಿ," ಎಂದ ಧನರಾಜ ಅಂಗಳದಿಂದ. "ಗೊತ್ತಿದ್ದರೂ ಹೇಳಿದರೆ ಯಾರು ಕರೀತಾರೆ ಮರಕ್ಕೆ?"

ಬಿಸಿಲು ಏರುತ್ತಿತ್ತು. "ಹೊತ್ತಾಯಿತು ಮಗಾ," ಎಂದರು ಅಜೆಕಾರಿನ ಮುದುಕರು, ತೀರಾ ಮೆತ್ತಗೆ.

ಧನರಾಜ ಮತ್ತೆ ಮಾವಿನ ಮರದ ಬುಡಕ್ಕೆ ಹೋದ. ಅದು ಹಸಿ ಮರ, ಚಿಗುರು ತುಂಬಿದ ಮರ, ಕೇಳುವ ಅಗತ್ಯವಿರಲಿಲ್ಲ. ಆದರೂ ಕೊಡಲಿ ತಿರುಗಿಸಿ ಬೆನ್ನಿನಿಂದ ಬಡಿದ. ಮಾವ ಮಾಡುತ್ತಿದ್ದ ಹಾಗೆ ಕಾಂಡಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದ.

ಒಳಗೆ ಕಮಲ ಬಾಳೆ ಎಲೆಯ ಅಂಚಿಗೆ ಮೊಣಕಾಲೂರಿ, ಗಂಡನ ಕಿವಿಗೆ ಬಾಯಿಟ್ಟಳು.

"ಹೋಯ್!" ಎಂದು ಕೂಗಿದಳು, ಊರಿಗೇ ಕೇಳುವ ಹಾಗೆ. "ಹೋಯ್! ಊಟಕ್ಕೆ ಬನ್ನಿ!"

ಮರಕ್ಕೆ ಕಿವಿಯಿಟ್ಟಿದ್ದ ಧನರಾಜ ಕೊಡಲಿ ಬಿಟ್ಟು, ಬೆಚ್ಚಿ ಹಿಂದಕ್ಕೆ ಹಾರಿದ.