ಸೂಜಿಗಿಡದ ಸರದಿ

ಯಾವ ಕಳೆಯನ್ನು ಮೊದಲು ಕೀಳಬೇಕು ಎಂಬ ಪ್ರಶ್ನೆಗೆ ತನುಜಳ ಬಳಿ ಉತ್ತರ ಸಿದ್ಧವಾಗಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಳೆ ನಿಯಂತ್ರಣ ಸಮಿತಿಗೆ ಸರ್ವೆ ಮಾಡಿಕೊಡುವ ಕೆಲಸಕ್ಕೆ ಅವಳು ಸೇರಿ ನಾಲ್ಕು ತಿಂಗಳಾಗಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲೂಕುಗಳನ್ನು ಸ್ಕೂಟಿಯಲ್ಲಿ ಸುತ್ತಿ, ಕಂಡ ಕಳೆಯನ್ನೆಲ್ಲ ಅಳೆದು, ನಕ್ಷೆಯ ಮೇಲೆ ಬಣ್ಣಬಣ್ಣದ ಚುಕ್ಕೆ ಇಟ್ಟಿದ್ದಳು. ಎಷ್ಟು ಎಕರೆ ಹಬ್ಬಿದೆಯೋ ಅಷ್ಟು ಅಂಕ. ಹೆಚ್ಚು ಅಂಕ ಬಂದದ್ದು ಮೇಲೆ, ಕಡಿಮೆ ಬಂದದ್ದು ಕೆಳಗೆ. ಸಮಿತಿಯ ಕೈಯಲ್ಲಿದ್ದದ್ದು ನಲವತ್ತು ಆಳು, ಎರಡು ಯಂತ್ರ, ಒಂದು ಮಳೆಗಾಲ. ಪಟ್ಟಿಯಲ್ಲಿ ಮೊದಲು ನಿಂತ ಕಳೆಗೆ ಈ ವರ್ಷವೇ ಕೆಲಸ. ಉಳಿದವು ಮುಂದಿನ ವರ್ಷಗಳ ದಾರಿ ನೋಡಬೇಕು.

ಹಾಗಾಗಿ ಕಳೆದ ಸಭೆಯಲ್ಲಿ ಪ್ರತಿ ಊರಿನವರೂ ತಮ್ಮ ಕಳೆಯನ್ನು ಹೊಗಳಿದ್ದೇ ಹೊಗಳಿದ್ದು. ಗೌರಿಬಿದನೂರಿನ ರೈತರ ಪರವಾಗಿ ಬಂದಿದ್ದ ಮುನಿನಾರಾಯಣಪ್ಪ, ತಮ್ಮ ಕೆರೆಯಂಗಳದ ಬಳ್ಳಾರಿ ಜಾಲಿಯೊಳಗೆ ಹೊಕ್ಕ ಎಮ್ಮೆಯೊಂದು ಮೂರು ದಿನ ಹೊರಬರಲಿಲ್ಲವೆಂದು ಎದೆಯುಬ್ಬಿಸಿ ಹೇಳಿದ್ದರು. ಚಿಂತಾಮಣಿ ಕಡೆಯ ಪಂಚಾಯಿತಿ ಸದಸ್ಯೆ ಗಂಗುಲಮ್ಮ ಅದಕ್ಕೆ ಜಗ್ಗಲಿಲ್ಲ. ತಮ್ಮಲ್ಲಿ ಕಾಂಗ್ರೆಸ್ ಗಿಡದಿಂದ ಮೈ ತುರಿಸಿಕೊಳ್ಳದವರನ್ನು ಹುಡುಕಿ ತೋರಿಸಿದರೆ ಸನ್ಮಾನ ಮಾಡುತ್ತೇನೆ ಎಂದಿದ್ದರು. ನಂದಿ ಮತ್ತು ಕಳವಾರದವರು ಬೆಟ್ಟದ ತಪ್ಪಲಿನ ಲಂಟಾನಾ ಹಿಡಿದುಕೊಂಡು ಕೂತಿದ್ದರು. ತನುಜಳ ಲೆಕ್ಕದಲ್ಲಿ ಜಾಲಿ ಗೆದ್ದಿತ್ತು. ಕರಡು ಪಟ್ಟಿಯನ್ನು ಎಲ್ಲರಿಗೂ ಕಳಿಸಿಯೂ ಆಗಿತ್ತು.

ಪಟ್ಟಿಯ ಕಟ್ಟಕಡೆಯಲ್ಲಿದ್ದದ್ದು ಸೂಜಿಗಿಡ. ಮೊಣಕಾಲೆತ್ತರದ ಗಿಡ, ಬಿಳಿ ಎಸಳಿನ ಪುಟ್ಟ ಹೂವು. ಒಣಗಿದ ಮೇಲೆ ಹೂವಿದ್ದ ಕಡೆ ಕಪ್ಪು ಸೂಜಿಗಳಂಥ ಬೀಜದ ಗೊಂಚಲು, ಪ್ರತಿ ಸೂಜಿಯ ತುದಿಗೂ ಸಣ್ಣ ಕೊಕ್ಕೆ. ಹನ್ನೊಂದು ಕಡೆ ಮಾತ್ರ ಸಿಕ್ಕಿತ್ತು. ಹನ್ನೊಂದನ್ನೂ ಸೇರಿಸಿದರೆ ಎರಡು ವಾಲಿಬಾಲ್ ಮೈದಾನದಷ್ಟು ಜಾಗವೂ ಆಗುತ್ತಿರಲಿಲ್ಲ. ಆದರೆ ಆ ಹನ್ನೊಂದು ಚುಕ್ಕೆಗಳು ತನುಜಳನ್ನು ಕೆಣಕುತ್ತಿದ್ದವು. ಗಾಳಿಯಲ್ಲಿ ಬಂದಿದ್ದರೆ ಒಂದೇ ದಿಕ್ಕಿಗೆ ಚದುರಬೇಕಿತ್ತು. ನೀರಿನಲ್ಲಿ ಬಂದಿದ್ದರೆ ಕಾಲುವೆಯ ಗುಂಟ ಇಳಿಯಬೇಕಿತ್ತು. ಇವು ಸಾದಲಿಯ ಸುತ್ತ ನಾಲ್ಕು, ದಿಬ್ಬೂರಹಳ್ಳಿಯ ಕಡೆ ಎರಡು, ಮೇಲೂರಿನ ಕಡೆ ಮೂರು, ಕೈವಾರದ ದಾರಿಯಲ್ಲೊಂದು, ನಂದಿಯ ಹತ್ತಿರ ಒಂದು ಎಂದು ಮನಸ್ಸಿಗೆ ಬಂದ ಹಾಗೆ ಕೂತಿದ್ದವು. ಪಟ್ಟಿಯ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಳು. ಅಳಿಸಲು ಮನಸ್ಸಾಗಿರಲಿಲ್ಲ.

ಅಂತಿಮ ಸಭೆ ಮಂಗಳವಾರವಿತ್ತು. ಶನಿವಾರ ಅವಳು ಸಾದಲಿಯ ಕೆರೆಯಂಗಳವನ್ನು ಇನ್ನೊಮ್ಮೆ ನೋಡಿಬರಲು ಹೋದಳು. ಹಿಂದಿರುಗುವಾಗ ಚೂಡಿದಾರದ ಕಾಲಿನ ತುಂಬ ಸೂಜಿಗಳು. ಊರ ಮೊದಲ ಮನೆಯ ಜಗಲಿಯಲ್ಲಿ ನಿಂತು ಕೊಡವಿಕೊಳ್ಳುತ್ತಿದ್ದಾಗ ಮನೆಯಾಕೆ ಜಾನ್ ಬೀ ಹೊರಗೆ ಬಂದಳು. ಅವಳೂ ಅವಳ ಗಂಡ ಮೆಹಬೂಬ್ ಪಾಷಾನೂ ಚಂದ್ರಿಕೆ ಬಾಡಿಗೆಗೆ ಕೊಡುವವರು. ಚಂದ್ರಿಕೆಯೆಂದರೆ ಆಳೆತ್ತರದ ಬಿದಿರಿನ ಚಾಪೆ, ಅದರ ಮೇಲೆ ಸುರುಳಿಯಾಗಿ ನಿಲ್ಲಿಸಿದ ದಬ್ಬೆಯ ಪಟ್ಟಿ. ಹಣ್ಣಾದ ರೇಷ್ಮೆಹುಳು ಆ ಸುರುಳಿಯೊಳಗೆ ಕೂತು ಗೂಡು ಕಟ್ಟುತ್ತದೆ. ಬೆಳೆಯೊಂದಕ್ಕೆ ನಾಲ್ಕೈದು ದಿನ ಮಾತ್ರ ಬೇಕಾಗುವ ಇದನ್ನು ಎಲ್ಲರೂ ಕೊಂಡಿಡುವುದಿಲ್ಲ. ಪಾಷಾನ ಟೆಂಪೊದಲ್ಲಿ ಊರಿಂದೂರಿಗೆ ಅವು ತಿರುಗುತ್ತಲೇ ಇರುತ್ತವೆ.

ಜಾನ್ ಬೀ ಅವಳನ್ನು ಕೂರಿಸಿ, ನೀರು ಕೊಟ್ಟು, ತಾನೇ ಸೂಜಿ ಬಿಡಿಸತೊಡಗಿದಳು. ಕೈ ಬಹಳ ಚುರುಕಾಗಿತ್ತು.

"ನಮ್ಮ ಚಂದ್ರಿಕೆ ಥರ ಆಗಿದೀಯ ನೋಡಮ್ಮ," ಎಂದು ನಕ್ಕಳು. "ಅವೂ ಹಿಂಗೇ ಬರ್ತವೆ ಮನೆಗೆ."

ತನುಜಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾವ ಊರಿಂದ ಬಂದಾಗ ಅಮ್ಮ?"

ಜಾನ್ ಬೀಗೆ ಪುಸ್ತಕ ಬೇಕಿರಲಿಲ್ಲ. ಯಾವ ಊರಿನವರು ಚಂದ್ರಿಕೆಯನ್ನು ಮುರಿದು ಕಳಿಸುತ್ತಾರೆ, ಯಾರು ಗುಡಿಸಿ ಕಳಿಸುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬೆರಳು ಮಡಿಸುತ್ತ ಹೇಳುತ್ತಾ ಹೋದಳು. ಸಾದಲಿಯ ಸುತ್ತಲೇ ನಾಲ್ಕು ಮನೆ, ದಿಬ್ಬೂರಹಳ್ಳಿ ಕಡೆ ಎರಡು, ಮೇಲೂರು ಕಡೆ ಮೂರು, ಕೈವಾರದ ದಾರಿಯಲ್ಲಿ ತಂಗಿಯ ಬೀಗರು, ನಂದಿಯಲ್ಲಿ ದ್ರಾಕ್ಷಿ ಕಿತ್ತುಹಾಕಿ ಹೊಸದಾಗಿ ಹಿಪ್ಪುನೇರಳೆ ಹಾಕಿದವರು. ತನುಜ ನಕ್ಷೆಯನ್ನು ಮಡಿಲಲ್ಲಿ ಹರಡಿಕೊಂಡಳು. ಜಾನ್ ಬೀಯ ಒಂದೊಂದು ಬೆರಳಿಗೆ ಒಂದೊಂದು ಚುಕ್ಕೆ. ಹನ್ನೊಂದನೆಯದೂ ಸೇರಿದಾಗ ಅವಳು ಜೋರಾಗಿ ನಕ್ಕುಬಿಟ್ಟಳು. ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಗಾಳಿ, ನೀರು ಎರಡೂ ಈ ಮನೆಯ ಮುಂದೆ ನಿಂತಿದ್ದ ಟೆಂಪೊ ಆಗಿತ್ತು.

ಬೀಜ ಹತ್ತುತ್ತಿದ್ದದ್ದು ಎಲ್ಲಿ ಎಂಬುದು ಹೊರಬಂದಾಗ ಮಾತ್ರ ಜಾನ್ ಬೀಯ ಮುಖ ಸಣ್ಣದಾಯಿತು. ಹುಳಕ್ಕೆ ರೋಗ ಅಂಟಬಾರದೆಂದು ಅವಳೊಂದು ಕಟ್ಟುನಿಟ್ಟು ಮಾಡಿದ್ದಳು. ಎರಡು ದಿನ ಬಿಸಿಲಲ್ಲಿ ಒಣಗಿಸದ ಚಂದ್ರಿಕೆಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಮನೆಯಂಗಳದಲ್ಲಿ ಅಷ್ಟು ಜಾಗವಿಲ್ಲದ ರೈತರು ಅವನ್ನು ಕೆರೆಯಂಗಳಕ್ಕೆ ಹೊತ್ತು ಒಣಗಿದ ಗಿಡಗಳ ಮೇಲೇ ಒರಗಿಸುತ್ತಿದ್ದರು. ಅವಳ ಶುಚಿಯೇ ಸೂಜಿಗೆ ದಾರಿ ಮಾಡಿಕೊಟ್ಟಿತ್ತು.

"ಹಂಗಾದ್ರೆ ಊರೂರಿಗೆ ಇದನ್ನ ಹಂಚಿದ್ದು ನಾನೇನಾ?"

"ನೀವು ಹಂಚಿದ್ರಿ. ನಾನು ಅದನ್ನ ಪಟ್ಟೀಲಿ ಕೊನೇಗೆ ಹಾಕ್ದೆ," ಎಂದಳು ತನುಜ. "ತಪ್ಪು ಇಬ್ಬರದೂ ಅಮ್ಮ."

ಅವಳಿಗೆ ಈಗ ತನ್ನ ಲೆಕ್ಕದ ದೋಷ ಸ್ಪಷ್ಟವಾಗಿತ್ತು. ಎಷ್ಟು ಹಬ್ಬಿದೆ ಎಂದು ಅಳೆದಿದ್ದಳೇ ಹೊರತು ಎಷ್ಟು ಬೇಗ ಹಬ್ಬುತ್ತದೆ, ಇನ್ನೂ ಪೂರ್ತಿ ತೆಗೆಯಲು ಸಾಧ್ಯವೇ ಎಂದು ಕೇಳಿಕೊಂಡಿರಲಿಲ್ಲ. ಕಾಂಗ್ರೆಸ್ ಗಿಡವೂ ಒಂದು ಕಾಲಕ್ಕೆ ಹನ್ನೊಂದೇ ಚುಕ್ಕೆಯಾಗಿ ಇದ್ದಿರಬೇಕು. ಈ ಮಳೆಗಾಲ ತಪ್ಪಿದರೆ ಸೂಜಿಗಿಡವೂ ಕೈಗೆ ಸಿಗುವುದಿಲ್ಲ. ಆದರೆ ತಾನೇ ಕಳಿಸಿದ ಪಟ್ಟಿಯನ್ನು ತಾನೇ ತಲೆಕೆಳಗು ಮಾಡಬೇಕಿತ್ತು, ಅದೂ ಮುನಿನಾರಾಯಣಪ್ಪನವರ ಎದುರಿಗೆ. ಸಭೆಯವರು ಚಂದ್ರಿಕೆಯ ಬಾಡಿಗೆಯನ್ನೇ ನಿಲ್ಲಿಸಿ ಎಂದರೆ ಈ ಮನೆಯ ಗತಿ ಏನೆಂಬ ಭಯವೂ ಇತ್ತು. ಅದನ್ನು ಮುಚ್ಚಿಡದೆ ಹೇಳಿದಳು. ಜಾನ್ ಬೀ ತಾನೂ ಸಭೆಗೆ ಬರುತ್ತೇನೆ ಎಂದಳು.

"ನೀನು ಹೇಳಿದ್ರೆ ಲೆಕ್ಕ ಅಂತಾರೆ ಕಣಮ್ಮ. ನಾನು ಹೇಳಿದ್ರೆ ನಂಬ್ತಾರೆ."

ಮಂಗಳವಾರ ಚಿಕ್ಕಬಳ್ಳಾಪುರದ ಸಭಾಂಗಣಕ್ಕೆ ಮೈತುಂಬ ಸೂಜಿ ಹತ್ತಿದ ಚಂದ್ರಿಕೆಯೊಂದು ಹಾಸುಹೊದಿಕೆಯಲ್ಲಿ ಸುತ್ತಿಕೊಂಡು ಬಂತು. ತನುಜ ನೆಲಕ್ಕೆ ಬೆಡ್‌ಶೀಟ್ ಹಾಸಿ, ಅದರ ಮೇಲೆ ಅದನ್ನು ನಿಲ್ಲಿಸಿ, ಯಾರೂ ಹತ್ತಿರ ಬರಬೇಡಿ ಎಂದು ಕೇಳಿಕೊಂಡಳು. ಅಷ್ಟು ಹೇಳಿದ್ದೇ ಸಾಕಾಯಿತು, ಎಲ್ಲರೂ ಹತ್ತಿರ ಬಂದರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಅಂಬರೀಶ್ ಕೂಡ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ತನುಜ ತನ್ನ ತಪ್ಪಿನಿಂದಲೇ ಮಾತು ಶುರುಮಾಡಿ, ಹನ್ನೊಂದು ಚುಕ್ಕೆಗಳ ಕಥೆ ಹೇಳಿದಳು. ಜಾನ್ ಬೀ ತನ್ನ ಪಾಲಿನದನ್ನು ತಲೆಯ ಮೇಲೆ ಸೆರಗೆಳೆದುಕೊಂಡು, ತಡವರಿಸದೆ ಹೇಳಿದಳು. ಇನ್ನು ಮುಂದೆ ಮಾಳಿಗೆಯ ಮೇಲೆ ಒಣಗಿಸಿದ ಚಂದ್ರಿಕೆಯನ್ನು ಮಾತ್ರ ವಾಪಸು ತೆಗೆದುಕೊಳ್ಳುವುದಾಗಿಯೂ, ಒಂದು ಸೂಜಿ ಕಂಡರೂ ಟೆಂಪೊ ಹತ್ತಿಸುವುದಿಲ್ಲವೆಂದೂ ಮಾತು ಕೊಟ್ಟಳು.

ಮುನಿನಾರಾಯಣಪ್ಪ ಒಪ್ಪಲಿಲ್ಲ. ಎರಡು ವಾಲಿಬಾಲ್ ಮೈದಾನದ ಕಳೆಗೆ ಮೊದಲ ಸ್ಥಾನ ಕೊಟ್ಟರೆ ಊರಿನಲ್ಲಿ ತಮಗೆ ಮುಖ ತೋರಿಸಲಾಗುವುದಿಲ್ಲ, ಎಮ್ಮೆ ನುಂಗಿದ ಜಾಲಿಯ ಮುಂದೆ ಇದೇನು ಮಹಾ ಎಂದು ಎದ್ದುನಿಂತರು. ಶಾಲು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೂ ಹೋದರು. ಅಲ್ಲಿ ಜಾನ್ ಬೀ ಅಡ್ಡ ನಿಂತಿದ್ದಳು.

"ಯಜಮಾನ್ರೇ, ಹನ್ನೆರಡನೇ ಚುಕ್ಕೆ ನಿಮ್ಮ ಪಂಚೇಲಿ ಗೌರಿಬಿದನೂರಿಗೆ ಹೊರಟಿದೆ."

ಅವರು ಬಗ್ಗಿ ನೋಡಿಕೊಂಡರು. ಬಿಳಿ ಪಂಚೆಯ ಅಂಚಿನುದ್ದಕ್ಕೂ ಕಪ್ಪು ಸೂಜಿ. ಸಭೆಯೆಲ್ಲ ತಂತಮ್ಮ ಬಟ್ಟೆ ನೋಡಿಕೊಳ್ಳತೊಡಗಿತು. ಗಂಗುಲಮ್ಮನ ಸೀರೆಯ ನೆರಿಗೆಯಲ್ಲಿ, ಅಂಬರೀಶರ ಪ್ಯಾಂಟಿನ ಮಡಿಕೆಯಲ್ಲಿ, ನಂದಿಯವರ ಕಾಲುಚೀಲದಲ್ಲಿ ಸೂಜಿ ಇತ್ತು. ತನುಜ ಬಾಗಿಲು ಹಾಕಿ, ಒಂದೂ ಉಳಿಯದ ಹಾಗೆ ಬಿಡಿಸುವವರೆಗೆ ಯಾರನ್ನೂ ಬಿಡುವುದಿಲ್ಲ ಎಂದಳು. ತನ್ನ ಊಟದ ಡಬ್ಬಿಯನ್ನು ಖಾಲಿ ಮಾಡಿ ಮಧ್ಯದಲ್ಲಿಟ್ಟಳು. ಎಲ್ಲರೂ ಬೆಡ್‌ಶೀಟಿನ ಸುತ್ತ ಚಕ್ಕಳಮಕ್ಕಳ ಹಾಕಿ ಕೂತು, ಕಡಲೆಕಾಯಿ ಬಿಡಿಸುವವರ ಹಾಗೆ ಸೂಜಿ ಬಿಡಿಸಿದರು. ಮುನಿನಾರಾಯಣಪ್ಪನವರ ಪಂಚೆಯದನ್ನು ಗಂಗುಲಮ್ಮ ಬೇಕೆಂದೇ ಗಟ್ಟಿಯಾಗಿ ಎಣಿಸಿದರು. ಅರವತ್ತಮೂರು.

"ಒಂದೊಂದೂ ಒಂದು ಗಿಡಾನಾ?" ಎಂದು ಮುನಿನಾರಾಯಣಪ್ಪ ಮೆಲ್ಲಗೆ ಕೇಳಿದರು.

ಹೌದು, ಗಿಡವೊಂದಕ್ಕೆ ಸಾವಿರಗಟ್ಟಲೆ ಬೀಜ ಎಂದಳು ತನುಜ. ಹನ್ನೊಂದು ಜಾಗವನ್ನೂ ಅವುಗಳ ಸುತ್ತಲಿನ ಹೊಲ, ಬದುಗಳನ್ನೂ ಜಾಲಾಡಿ, ಹೂ ಬಿಡುವ ಮೊದಲು ಮೂರು ಸಲ ಹೋಗಿ ಕಿತ್ತರೂ, ನಲವತ್ತು ಆಳಿಗೆ ಹತ್ತು ದಿನದ ಕೆಲಸ. ಆಮೇಲೆ ಆಳೂ ಯಂತ್ರವೂ ಜಾಲಿಯ ಕಡೆಗೇ. ಮುನಿನಾರಾಯಣಪ್ಪ ಕೊನೆಯ ಸೂಜಿಯನ್ನು ಡಬ್ಬಿಗೆ ಹಾಕಿ, ಅದರ ಮುಚ್ಚಳವನ್ನು ತಾವೇ ಒತ್ತಿದರು.

"ನಮ್ಮ ಜಾಲಿ ಎಲ್ಲಿಗೂ ಓಡಿಹೋಗಲ್ಲಮ್ಮ. ಇದು ಓಡ್ತಾ ಐತೆ. ಓಡೋದನ್ನ ಮೊದಲು ಹಿಡೀರಿ."

ಅಂಬರೀಶ್ ಅದನ್ನೇ ನಡಾವಳಿಯಲ್ಲಿ ಬರೆಸಿದರು, ಸ್ವಲ್ಪ ಸರ್ಕಾರಿ ಭಾಷೆಯಲ್ಲಿ.

ಮುಂದಿನ ಸಂಕ್ರಾಂತಿ ಕಳೆದ ಮೇಲೆ ತನುಜ ಹನ್ನೊಂದೂ ಜಾಗ ಮತ್ತೆ ನೋಡಿಬಂದಳು. ಒಂಬತ್ತರಲ್ಲಿ ಒಂದು ಗಿಡವೂ ಇರಲಿಲ್ಲ. ಎರಡರಲ್ಲಿ ಕೈಬೆರಳಲ್ಲಿ ಎಣಿಸುವಷ್ಟಿದ್ದವನ್ನು ಅಲ್ಲೇ ಕಿತ್ತು ಚೀಲಕ್ಕೆ ಹಾಕಿದಳು. ಸಾದಲಿಗೆ ಬಂದಾಗ ಊರಿನ ಮಾಳಿಗೆಗಳ ಮೇಲೆಲ್ಲ ಚಂದ್ರಿಕೆಗಳು ಬಿಸಿಲು ಕಾಯುತ್ತಿದ್ದವು. ಸಿಹಿಸುದ್ದಿ ಹೇಳಲು ಅವಸರದಿಂದ ಜಗಲಿ ಹತ್ತಿದವಳನ್ನು ಜಾನ್ ಬೀ ಕೈಯೆತ್ತಿ ತಡೆದಳು. ಈಗ ಅವಳ ಮನೆಗೆ ಬರುವ ಯಾರಿಗೂ ಇದು ತಪ್ಪುತ್ತಿರಲಿಲ್ಲ.

"ನಿಲ್ಲು. ತಿರುಗು."

ತನುಜ ಬಟ್ಟೆಯಂಗಡಿಯಲ್ಲಿ ನಿಂತವಳ ಹಾಗೆ ನಿಧಾನವಾಗಿ ತಿರುಗಿದಳು. ಜಾನ್ ಬೀಯ ಬೆರಳು ವೇಲಿನ ತುದಿಯಲ್ಲಿ ನಿಂತಿತು. ಕಪ್ಪಗೆ, ಉಗುರುದ್ದದ್ದು, ಒಂದೇ ಒಂದು.

"ಕೂತ್ಕೊ," ಎಂದಳು ಜಾನ್ ಬೀ, ನಗು ತಡೆಯುತ್ತ. "ಬೆಳಗ್ಗೆಯಿಂದ ಎಲ್ಲೆಲ್ಲಿ ಕೂತಿದ್ದೆ, ಒಂದೊಂದಾಗಿ ಹೇಳು."

ತನುಜ ನಕ್ಷೆ ಹರಡಿ, ಬೆರಳು ಮಡಿಸತೊಡಗಿದಳು.